ಶಬ್ದ ದಾಟಿ ಎಲ್ಲಿ ನಿಲ್ಲುತ್ತದೆ

ಗಡಹಿಂಗ್ಲಜದ ಮನೆಯಲ್ಲಿ ಕೂತು ನಾನು ಒಂದು ಉಚಿತ ಬರವಣಿಗೆ ತಂತ್ರಾಂಶಕ್ಕೆ ಕನ್ನಡದಲ್ಲಿ ಸಹಾಯಪುಟ ಬರೆದುಕೊಡುತ್ತೇನೆ. ಯಾವ ಕೀಲಿ ಒತ್ತಿದರೆ ಕರ್ಸರ್ ಎಲ್ಲಿಗೆ ಹೋಗುತ್ತದೆ, ಅದರ ಸೆಟ್ಟಿಂಗ್ ಬದಲಿಸುವುದು ಹೇಗೆ, ಇಂಥವು. ಇದನ್ನೆಲ್ಲ ಯಾರು ಓದುತ್ತಾರೆ ಅಂದುಕೊಂಡಿದ್ದೆ. ಓದುವವನು ಒಬ್ಬನಿದ್ದ, ನನ್ನ ಚಿಕ್ಕಪ್ಪನ ಮಗ. ಹುಟ್ಟಿನಿಂದ ಕಣ್ಣಿಲ್ಲ. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಕಾಂಡಿಗಳಿಗೆ ನೂಲು ಸುತ್ತುವ ಕೆಲಸ ಅವನದು. ಕಂಪ್ಯೂಟರು ಪರದೆಯ ಮೇಲಿನದನ್ನು ಓದಿ ಹೇಳಿದರೆ ಕೇಳಿ ಟೈಪು ಮಾಡುತ್ತಿದ್ದ.

ಕೊಲ್ಹಾಪುರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸಕ್ಕೆ ಪರೀಕ್ಷೆಯಿತ್ತು. ವಯಸ್ಸಿನ ಮಿತಿಗೆ ಅದೇ ಕಡೆಯದು. ಶೆಡ್ಡಿನ ಗದ್ದಲದಲ್ಲಿ ಅವನ ಕಿವಿ ಮಂದವಾಗತೊಡಗಿತ್ತು. ಕಣ್ಣಿಲ್ಲದವನಿಗೆ ಕಿವಿಯೂ ಹೋದರೆ ಏನುಳಿಯಿತು, ಹೇಳಿ. ಹೇಗಾದರೂ ಮಾಡಿ ಅಲ್ಲಿಂದ ಹೊರಬೀಳಬೇಕಿತ್ತು.

ನನ್ನ ಪುಟಗಳನ್ನು ಅವನು ಬಾಯಿಪಾಠ ಮಾಡಿದ. ನಮ್ಮ ಆಯಿ, ಅಪ್ಪನ ಅವ್ವ, ನಮಗಿಬ್ಬರಿಗೂ ವಚನ ಕಲಿಸಿದ್ದು ಹಾಗೆಯೇ. ಒಂದು ದಿನ ಫೋನು ಮಾಡಿದ.

“ಅಣ್ಣಾ, ಕಂಟ್ರೋಲ್ ಹಿಡಿದು ಬಲಬಾಣ ಒತ್ತಿದ್ರ ‘ಒಂದು ಶಬ್ದ ಮುಂದೆ ಹೋಗುತ್ತದೆ’ ಅಂತ ಬರ್ದೀರಿ. ಹೋಗಿ ಎಲ್ಲಿ ನಿಲ್ಲತೈತ್ರಿ? ಆ ಶಬ್ದದ ಬಾಲಕ್ಕೋ, ಮುಂದಿಂದರ ತಲಿಗೋ?”

“ದಾಟತೈತಿ ಬಿಡೋ. ನಡುವ ಒಂದ್ ಕಡ್ಡಿಯಷ್ಟೂ ಜಾಗಾ ಇಲ್ಲ, ಅದಕ್ಯಾಕ ಇಷ್ಟ ಪಂಚಾಯ್ತಿ?”

“ಕಣ್ಣಿದ್ದಾವ್ರಿಗೆ ಎಲ್ಲಿ ನಿಂತ್ರೂ ನಡೀತೈತ್ರಿ,” ಎಂದು ನಕ್ಕ. “ಇರ್ಲಿ, ನನ್ನ ಮಷೀನದಾಗ ಬಾಲಕ್ಕ ನಿಲ್ಲತೈತಿ. ಹಂಗ ರೂಢಿ ಮಾಡತೇನಿ.”

ಅದು ಬರೀ ಒಂದು ಸೆಟ್ಟಿಂಗು. ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಇರಬಹುದು. ನನಗೆ ಗೊತ್ತಿತ್ತು. ಹೇಳಲಿಲ್ಲ, ಪುಟದಲ್ಲಿ ಬರೆಯಲೂ ಇಲ್ಲ.

ಪರೀಕ್ಷೆಯಲ್ಲಿ ಒಂದು ಪತ್ರ ತಿದ್ದಲು ಕೊಟ್ಟರು, ಶಬ್ದಗಳ ಕೊನೆಯಲ್ಲಿ ಬಿಟ್ಟುಹೋದ ಅಕ್ಷರ ಸೇರಿಸಬೇಕು. ಅಲ್ಲಿಯದೂ ಅದೇ ತಂತ್ರಾಂಶ, ಆದರೆ ಆ ಯಂತ್ರದಲ್ಲಿ ಕರ್ಸರ್ ಮುಂದಿನ ಶಬ್ದದ ತಲೆಗೆ ಹೋಗಿ ನಿಲ್ಲುತ್ತಿತ್ತು. ಇವನು ಸೇರಿಸಿದ್ದೆಲ್ಲ ಪಕ್ಕದ ಶಬ್ದಕ್ಕೆ ಅಂಟಿಕೊಂಡಿತು. ಪರೀಕ್ಷಕರು ತಪ್ಪುಗಳನ್ನು ಓದಿ ಹೇಳಿ ಫೇಲು ಎಂದರಂತೆ. ಹೊರಗೆ ಕಾಯುತ್ತಿದ್ದ ನನಗೆ ಅವನೇ ಬಂದು ಹೇಳಿದ.

“ಮಷೀನು ಓದಿ ಹೇಳತಿತ್ತಲ್ಲೋ? ಗೊತ್ತಾಗಲಿಲ್ಲೇನು?” ಎಂದೆ.

“ಹೆಡ್‌ಫೋನದಾಗ ಬರೇ ಗುಂಯ್ ಅಂತಿತ್ರಿ. ಬಾಯಿಪಾಠ ನಂಬಿ ಹೊಡದೆ.”

ಕಿವಿ ಅಷ್ಟು ಕೆಟ್ಟಿದೆ ಎಂಬುದು ನನಗೆ ತಿಳಿದದ್ದು ಆಗ.

ಆ ವಾರವೇ ಪುಟ ತಿದ್ದಿದೆ. ಓದಿ ಹೇಳೋಣವೆಂದು ಶೆಡ್ಡಿಗೆ ಹೋದೆ. ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. “‘ಶಬ್ದದ ಕೊನೆಗೆ ನಿಲ್ಲಬಹುದು, ಮುಂದಿನ ಶಬ್ದದ ಆರಂಭಕ್ಕೂ ನಿಲ್ಲಬಹುದು. ಹೊಸ ಯಂತ್ರವಾದರೆ ಮೊದಲು ಒಂದು ಅಕ್ಷರ ಹೊಡೆದು ಪರೀಕ್ಷಿಸಿಕೊಳ್ಳಿ...’”

“ಭಾಳ ಚಲೋ ಆತು. ಮುಂದಿನಾಂವಗರೆ ಉಪಯೋಗ ಆಗತೈತಿ,” ಎಂದ. ಆಮೇಲೆ ಕುತ್ತಿಗೆ ತಿರುಗಿಸಿ, “ಇನ್ನೊಮ್ಮೆ ಓದ್ರಿ ಅಣ್ಣಾ. ಈ ಕಡೆ ಬರ್ರಿ, ಎಡಗಿವಿ ಹೋತು.”

ಬಲಕ್ಕೆ ಹೋಗಿ ಕೂಗಿ ಓದತೊಡಗಿದೆ. ಅರ್ಧಕ್ಕೆ ಕರೆಂಟು ಬಂತು, ಮಗ್ಗಗಳು ಒಟ್ಟಿಗೇ ಹೊಡೆದುಕೊಂಡವು. ಅವನು ತಲೆಯಾಡಿಸುತ್ತಲೇ ಒಂದು ಕಾಂಡಿ ಕೈಗೆತ್ತಿಕೊಂಡ. ಎಷ್ಟು ಕೇಳಿಸಿತು ಎಂದು ನಾನು ವಿಚಾರಿಸಲಿಲ್ಲ.