ಅಪ್ಪನ ಪ್ರಿಪಾಂಡರೆನ್ಸ್

ಅಪ್ಪ ಸಿವಿಲ್ ವಕೀಲರು. ಅವರ ಅಚ್ಚುಮೆಚ್ಚಿನ ಇಂಗ್ಲಿಷ್ ಪದ ಪ್ರಿಪಾಂಡರೆನ್ಸ್. ಒಂದು ಇನ್ನೊಂದಕ್ಕಿಂತ ತೂಕದಲ್ಲಿ ಮೇಲಾಗಿರುವುದು ಎಂದು ಅರ್ಥ. ಬರೀ ‘ಹೆಚ್ಚು’ ಎಂದರೆ ಸಾಕಾಗುವಲ್ಲೂ ಅವರಿಗೆ ಅದೇ ಬೇಕು. ಸಾರಿನಲ್ಲಿ ಹುಣಸೆಯ ಪ್ರಿಪಾಂಡರೆನ್ಸ್, ಹೈದರಾಬಾದಿನ ತಾರ್ನಾಕದ ನಮ್ಮ ಓಣಿಯಲ್ಲಿ ನಾಯಿಗಳ ಪ್ರಿಪಾಂಡರೆನ್ಸ್. ಇಂಗ್ಲಿಷ್ ಓದದ ಅವ್ವ ಕೂಡ, “ಮಾತಿನ ಪ್ರಿಪಾಂಡರೆನ್ಸ್ ಭಾಳ ಆತು, ಊಟಾ ಮಾಡ್ರಿ” ಎನ್ನುವಷ್ಟು ಪಳಗಿದ್ದಳು.

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಆ ಕಾಲದಲ್ಲಿ, ನನ್ನನ್ನು ನೋಡಲು ಧಾರವಾಡದಿಂದ ಒಬ್ಬ ಹುಡುಗ ತಾಯಿಯ ಜೊತೆ ಬಂದ. ಚಪ್ಪಲಿ ಬಿಡುವಾಗ ಹೊಸ್ತಿಲಿಗೆ ಎಡವಿ ತಾನೇ ನಕ್ಕ. ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟ. ಈ ಸಂಬಂಧ ಕೂಡಿಬರಲಪ್ಪಾ ಎಂದು ದೇವರಿಗೆ ಬೇಡಿಕೊಂಡೇ ಉಪ್ಪಿಟ್ಟಿನ ಪಾತ್ರೆ ಎತ್ತಿದೆ.

ಆ ಗಡಿಬಿಡಿಯಲ್ಲಿ ನನ್ನ ಬಾಯಿಂದ ಬಂದದ್ದು ಇದು: “ಉಪ್ಪಿಟ್ಟು ವೇಡಿಗಾ ಐತ್ರಿ, ಇನ್ನ ಥೋಡಾ ಹಾಕ್ಲೇನ್ರಿ?”

‘ಬಿಸಿ’ ತೆಲುಗಿನಲ್ಲಿ, ‘ಸ್ವಲ್ಪ’ ಹಿಂದಿಯಲ್ಲಿ ಬಂದಿತ್ತು. ನಮ್ಮ ಕಡೆ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಹುಡುಗನ ತಾಯಿ ಮಾತ್ರ ಚಮಚ ಕೆಳಗಿಟ್ಟರು.

“ಹುಡುಗಿ ಕನ್ನಡದಾಕಿ ಹೌದೋ ಅಲ್ಲೋ, ವಕೀಲ ಸಾಹೇಬ್ರ? ನನಗ ಮನ್ಯಾಗ ಬಾಯಿತುಂಬ ಮಾತಾಡಾಕ ಸೊಸಿ ಬೇಕ್ರಿ.”

ಅಪ್ಪನಿಗೆ ಕೋರ್ಟೇ ಮನೆಗೆ ಬಂದಂತಾಯಿತು. “ಸಿವಿಲ್ ಕೇಸಿನಾಗ ಪೂರ್ತಿ ಸಾಬೀತು ಬೇಕಿಲ್ರಿ, ಪ್ರಿಪಾಂಡರೆನ್ಸ್ ಇದ್ರ ಸಾಕು. ತಕ್ಕಡಿ ಎರಡೂ ಕಡೆ ಸಾಮಾನು ಇರ್ತೈತಿ. ಯಾವ ಕಡೆ ಬಾಗ್ತೈತಿ, ಅಷ್ಟ ನೋಡೂದು.”

“ಬಾಗಿದ್ದು ನನಗ ಕಾಣಬೇಕಲ್ರಿ,” ಎಂದರು ಆಕೆ.

ನಾನು ಅಡುಗೆಮನೆಗೆ ಓಡಿದೆ. ಅವ್ವ ಪಿಸುದನಿಯಲ್ಲೇ ಜಾಡಿಸಿದಳು: “ಮನ್ಯಾಗರ ಕನ್ನಡ ಮಾತಾಡು ಅಂತ ಬಾಯಿ ಬಡಕೊಂಡೆ. ಹೋತು, ಸಂಬಂಧ ಹೋತು.”

ನನಗೆ ಸಿಟ್ಟು ಬಂದರೆ ಪಿಸುಮಾತು ಬರುವುದಿಲ್ಲ. “ಹೆಂಗ ಹೋಗ್ತೈತಿ? ಆ ಹುಡುಗ ನನ್ನ ಮನಸಿಗೆ ಬಂದಾನ. ಒಂದು ಬಟ್ಟಲ ಉಪ್ಪಿಟ್ಟಿನ ಸಲುವಾಗಿ ಬಿಟ್ಟುಕೊಡಾಕ ನನಗೇನ ತಲಿ ಕೆಟ್ಟೈತೇನು? ಅವರವ್ವನ್ನ ನಾ ಒಪ್ಪಸ್ತೀನಿ, ನೀ ಸುಮ್ಮ ಕೂಡು!”

ನಡುವೆ ಇದ್ದದ್ದು ಒಂದು ತೆಳ್ಳನೆಯ ಪರದೆ. ಅಂದದ್ದೆಲ್ಲ ಹೊರಗೆ ಕೇಳಿಸಿತ್ತು. ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ನಿಂತೆ.

ಆಮೇಲೆ ಹುಡುಗನ ತಾಯಿಯ ನಗು ಕೇಳಿಸಿತು.

“ಬಾಗಿತ್ರಿ ಸಾಹೇಬ್ರ, ಪೂರ್ತಿ ಬಾಗಿತು! ಇಷ್ಟು ಚಂದ ಜಗಳಾಡಾಕಿ ನಮ್ಮ ಓಣ್ಯಾಗೂ ಇಲ್ಲ. ಏ ಹುಡುಗಿ, ಇನ್ನ ಥೋಡಾ ಉಪ್ಪಿಟ್ಟು ತಗೊಂಡ ಬಾ.”