ಗಾಡಿಯಲ್ಲಿ ಇಲ್ಲದ ಕೋವಿ

"ಸರ್, ಗಾಡಿಯಲ್ಲಿ ಕೋವಿ ಇದೆ. ಖಾಲಿ ಇದೆ. ಪೇಪರ್ ಇದೆ" ಎಂದು ನಾನು ದುಬೈಯ ರಸ್ತೆ ಬದಿಯಲ್ಲಿ ನಿಂತು ಪೊಲೀಸರಿಗೆ ಹೇಳಿದೆ. ಹೇಳಿದ್ದು ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು. ಪಕ್ಕದ ಸೀಟಿನಲ್ಲಿದ್ದ ಮಗಳು ಮುತ್ತು ನನ್ನ ಮುಖವನ್ನೇ ನೋಡಿದಳು. ಗಾಡಿಯಲ್ಲಿ ಕೋವಿ ಇರಲಿಲ್ಲ. ನಾವು ಈ ದೇಶಕ್ಕೆ ಬಂದಾಗಿನಿಂದ ಕೋವಿಯನ್ನು ಕಣ್ಣಿನಿಂದಲೂ ಕಂಡವರಲ್ಲ.

ಊರಿನಲ್ಲಿ ಇದನ್ನು ಓದಿ ನಗುವವರು ನಗಲಿ. ಇಲ್ಲಿ ಬ್ಯಾಗಿನ ಮೂಲೆಯಲ್ಲಿ ಗುಂಡು ಹಾರಿದ ಒಂದು ಖಾಲಿ ತೋಟೆ ಸಿಕ್ಕಿದರೂ ಕೇಸು. ಕೇಸಾದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆಯೇ ವೀಸಾ, ವೀಸಾದ ಹಿಂದೆ ಮಗಳ ಶಾಲೆ. ದೇರಾದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನಂಥವಳ ಬದುಕೆಲ್ಲ ಒಂದು ಕಾರ್ಡಿನಲ್ಲಿ ನೇತಾಡುತ್ತಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಬಾಯಿಂದ ಆ ಮಾತು ಹೊರಬಿತ್ತು. ಹೇಗೆ ಎಂದು ಬಿಡಿಸಿ ಹೇಳಬೇಕು.

ನಾವು ಕೊಡವರು. ನಮ್ಮವರಿಗೆ ಕೋವಿಗೆ ಲೈಸೆನ್ಸ್ ಬೇಕಿಲ್ಲ, ಸರ್ಕಾರ ಕೊಟ್ಟ ವಿನಾಯಿತಿ ಪತ್ರ ಇದ್ದರೆ ಸಾಕು. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ತೀರಿಕೊಂಡರೆ ಎರಡು. ಹೆಣ್ಣು ಹುಟ್ಟಿದರೆ ಯಾಕೆ ಒಂದೂ ಇಲ್ಲ ಎಂದು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. "ನೀನು ಹುಟ್ಟಿದಾಗ ಹಾಕಿದ ಬೊಬ್ಬೆಯೇ ಸಾಕಾಗಿತ್ತು" ಎಂದಿದ್ದರು. ಎರಡು ಗುಂಡಿನ ಸದ್ದು ಒಂದರ ಹಿಂದೊಂದು ಕೇಳಿಸಿತೆಂದರೆ ಯಾರೂ ಯಾರಿಗೂ ಹೇಳಿ ಕಳಿಸಬೇಕಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಊರೆಲ್ಲ ಸದ್ದು ಬಂದ ಮನೆಯ ಕಡೆ ನಡೆಯುತ್ತದೆ.

ಅಪ್ಪನದು ವಿರಾಜಪೇಟೆಯಲ್ಲಿ ಜೀಪು ರಿಪೇರಿಯ ಗ್ಯಾರೇಜು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿದ ಮೇಲೆ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ಊರೂರಲ್ಲಿ ನಡೆಯುತ್ತವೆ. ಅಪ್ಪ ಅವಕ್ಕೆಲ್ಲ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಚೆಕ್‌ಪೋಸ್ಟಿನ ಗೇಟಿನವರು ಜೀಪು ನಿಲ್ಲಿಸಿದರೆ ಅವರು ಬಾಯಿ ತೆರೆಯುವ ಮೊದಲೇ ಅಪ್ಪ ಕೈ ಸ್ಟೀರಿಂಗಿನ ಮೇಲಿಟ್ಟು ಆ ಮಾತು ಹೇಳಿಬಿಡುತ್ತಿದ್ದರು: "ಸರ್, ಗಾಡಿಯಲ್ಲಿ ಕೋವಿ ಇದೆ. ಖಾಲಿ ಇದೆ. ಪೇಪರ್ ಇದೆ." ನನಗೆ ಜೀಪು ಕಲಿಸಿದಾಗ ಕ್ಲಚ್ಚಿನ ಜೊತೆಗೆ ಇದನ್ನೂ ಕಲಿಸಿದರು. "ಅವರಾಗಿ ನೋಡಿದರೆ ಹೆದರ್ತಾರೆ. ಹೆದರಿದವನ ಎದುರು ಕೋವಿ ಇರಬಾರದು. ಮೊದಲು ನಾವೇ ಹೇಳಬೇಕು" ಎನ್ನುತ್ತಿದ್ದರು. ನಾನು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ.

ಅಪ್ಪ ತೀರಿಕೊಂಡಾಗ ನಾವು ಅಬುಧಾಬಿಯಲ್ಲಿದ್ದೆವು. ಹಮ್ದಾನ್ ಸ್ಟ್ರೀಟಿನ ಹಿಂದಿನ ಹಳೆಯ ಬಿಲ್ಡಿಂಗಿನಲ್ಲಿ, ಒಂದು ಫ್ಲ್ಯಾಟನ್ನು ಹಲಗೆ ಹೊಡೆದು ಮೂರು ಸಂಸಾರಕ್ಕೆ ಹಂಚಿದ್ದ ಮನೆ. ಗಂಡ ಸಮುದ್ರದೊಳಗಿನ ತೈಲದ ರಿಗ್ಗಿನಲ್ಲಿ ಪಾಳಿಯ ಮೇಲಿದ್ದರು. ನನ್ನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆ ಹೋಗಿತ್ತು. ಬೆಳಿಗ್ಗೆ ಅಣ್ಣ ಫೋನು ಮಾಡಿ, "ಕೇಳು" ಎಂದಷ್ಟೇ ಹೇಳಿ ಫೋನನ್ನು ಅಂಗಳದ ಕಡೆ ಹಿಡಿದ. ಎರಡು ಸದ್ದು. ಫೋನಿನಲ್ಲಿ ಅದು ಯಾರೋ ಡಬ್ಬ ತಟ್ಟಿದಷ್ಟು ಸಣ್ಣಗೆ ಕೇಳಿಸಿತು.

ನಾನು ಹೋಗಿ ಬಾಗಿಲು ತೆರೆದೆ. ಊರಿನಲ್ಲಿ ಸಾವಿನ ಮನೆಯ ಬಾಗಿಲು ಹಾಕುವುದಿಲ್ಲ, ಜನ ಬರಬೇಕಲ್ಲ. ಕಾರಿಡಾರಿನಲ್ಲಿ ಮೀನು ಹುರಿಯುವ ವಾಸನೆ, ಎದುರು ಮನೆಯ ಚಪ್ಪಲಿಗಳು, ಲಿಫ್ಟು ಮೇಲೆ ಹೋಗಿ ಕೆಳಗೆ ಬರುವ ಸದ್ದು. ಯಾರೂ ಬರಲಿಲ್ಲ. ಅವರ ತಪ್ಪೇನು, ಯಾರಿಗೂ ಕೇಳಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಲ್ಡಿಂಗಿನ ನಾತೂರ್, ಅಂದರೆ ಕಾವಲಿನವನು, ಬಂದು, "ದೀದಿ, ದರ್ವಾಜಾ ಬಂದ್ ಕರೋ, ಎಸಿ ಹೋಗ್ತಿದೆ" ಎಂದ. ನಾನು ಬಾಗಿಲು ಹಾಕಿದೆ. ಅಳು ಬಂದದ್ದು ಆಗಲೇ, ಅಪ್ಪನಿಗಾಗಿಯೋ ಬಾಗಿಲಿಗಾಗಿಯೋ ನನಗೆ ಗೊತ್ತಿಲ್ಲ.

ಆಮೇಲೆ ದುಬೈಗೆ ಬಂದೆವು. ಮನೆ ಸ್ವಲ್ಪ ದೊಡ್ಡದು, ಕಿಟಕಿಯಲ್ಲಿ ಸಮುದ್ರದ ಒಂದು ಚೂರು ಕಾಣುತ್ತದೆ. ಆದರೆ ಇಲ್ಲಿ ಫಿರಂಗಿ ಇದೆ. ರಂಜಾನಿನಲ್ಲಿ ದಿನಾ ಸಂಜೆ ಉಪವಾಸ ಬಿಡುವ ಹೊತ್ತಿಗೆ ಒಂದು ಸಲ ಹಾರಿಸುತ್ತಾರೆ. ಜನ ಖರ್ಜೂರ ಹಿಡಿದು ಕಾಯುತ್ತಾರೆ, ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಾರೆ. ನಾನು ಮಾತ್ರ ಯಾರ ಮನೆಯಲ್ಲಿ ಗಂಡು ಹುಟ್ಟಿತು ಎಂದುಕೊಳ್ಳುತ್ತೇನೆ. ಮೊದಮೊದಲು ಅದು ತಮಾಷೆಯಾಗಿತ್ತು. ತಿಂಗಳಿಡೀ ದಿನಕ್ಕೊಂದು ಗಂಡು ಹುಟ್ಟುವ ಊರು ಎಂದು ಗಂಡನಿಗೂ ಹೇಳಿ ನಕ್ಕಿದ್ದೆ. ತಿಂಗಳು ಮುಗಿದು ಹಬ್ಬದ ಚಂದ್ರ ಕಂಡ ಸಂಜೆ ಮಾತ್ರ ಇಲ್ಲಿ ಎರಡು ಸಲ ಹಾರಿಸುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ಕ್ಲಿನಿಕ್ಕು ಮುಗಿಸಿ, ಮುತ್ತುವನ್ನು ಗೆಳತಿಯ ಮನೆಯಿಂದ ಕರೆದುಕೊಂಡು ದೇರಾದ ಸಮುದ್ರದ ರಸ್ತೆಯಲ್ಲಿ ಬರುತ್ತಿದ್ದೆ. ಸದ್ದು ಬಿತ್ತು. ನಾನು ಮುಂದಿನದಕ್ಕೆ ಕಾದೆ. ಕಾಯಬಾರದಿತ್ತು, ದಿನಾ ಒಂದೇ ತಾನೇ? ಆದರೂ ಕಾದೆ. ಎರಡನೆಯದೂ ಬಿತ್ತು. ಈ ಸಲ ಡಬ್ಬ ತಟ್ಟಿದಂತಿರಲಿಲ್ಲ, ಎದೆಗೇ ಬಡಿಯಿತು. ಅಪ್ಪ ಹೋದರು ಎಂದು ನನ್ನ ಮೈಗೆ ಆಗ ಗೊತ್ತಾಯಿತು. ಗಾಡಿಯನ್ನು ಹಳದಿ ಗೆರೆಯಾಚೆ ತಂದು ನಿಲ್ಲಿಸಿಬಿಟ್ಟೆ.

"ಮಮ್ಮಿ, ಇಲ್ಲಿ ಸ್ಟಾಪ್ ಮಾಡೋ ಹಾಗಿಲ್ಲ. ವಾಟ್ ಹ್ಯಾಪನ್ಡ್?" ಎಂದಳು ಮುತ್ತು.

ಹಿಂದೆ ಕೆಂಪು ನೀಲಿ ದೀಪ ಬಂದು ನಿಂತಿತು. ಇಬ್ಬರು ಪೊಲೀಸರು. ಹಿರಿಯವನು ಕಿಟಕಿಗೆ ಬಗ್ಗಿ ಲೈಸೆನ್ಸು ಮತ್ತು ಮುಲ್ಕಿಯಾ, ಅಂದರೆ ಗಾಡಿಯ ಕಾರ್ಡು, ಕೇಳಲು ಬಾಯಿ ತೆರೆದ. ನಾನು ಅಪ್ಪನ ಮಾತು ಹೇಳಿದೆ.

ಅಲ್ಲಿಂದ ಮುಂದೆ ಎಲ್ಲವೂ ನಿಧಾನವಾಯಿತು. ಕಿರಿಯವನು ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟ. ನಮ್ಮಿಬ್ಬರನ್ನೂ ಕೆಳಗಿಳಿಸಿ ತಡೆಗೋಡೆಯ ಬಳಿ ನಿಲ್ಲಿಸಿದರು. ಬೈಗುಳವಿಲ್ಲ, ಕೂಗಾಟವಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಡಿಕ್ಕಿ ತೆಗೆದರು. ರೋಗಿಗಳಿಗೆ ವ್ಯಾಯಾಮ ಮಾಡಿಸುವ ರಬ್ಬರ್ ಪಟ್ಟಿಗಳು, ಒಂದು ಜೊತೆ ಊರುಗೋಲು, ಅಕ್ಕಿಯ ಚೀಲ. ಊರುಗೋಲನ್ನು ಎತ್ತಿ ತಿರುಗಿಸಿ ನೋಡಿದರು. ಸೀಟಿನ ಅಡಿಯಲ್ಲಿ ಮುತ್ತುವಿನ ಕಳೆದುಹೋದ ಸಾಕ್ಸು ಸಿಕ್ಕಿತು.

"ಮೇಡಂ, ಕೋವಿ ಎಲ್ಲಿದೆ?" ಹಿರಿಯವನು ಕೇಳಿದ.

"ವಿರಾಜಪೇಟೆಯಲ್ಲಿ."

"ಅದೆಲ್ಲಿ ಬರುತ್ತೆ? ಶಾರ್ಜಾ ಕಡೆಯಾ?"

"ಇಂಡಿಯಾ" ಎಂದೆ. "ನನ್ನ ಅಪ್ಪನದು." ಅಷ್ಟು ಹೇಳುವಷ್ಟರಲ್ಲಿ ಇಂಗ್ಲಿಷು ಖಾಲಿಯಾಯಿತು. ಎರಡು ಗುಂಡಿನ ಕಥೆಯನ್ನು ನಾನು ಮುತ್ತುವಿಗೆ ಕನ್ನಡದಲ್ಲಿ ಹೇಳಿದೆ, ಅರ್ಧ ಅಳುತ್ತಾ. ಮೊದಲೂ ಹೇಳಿದ್ದೆ, ಆಗ ಅವಳು ಫೋನು ನೋಡುತ್ತಾ 'ಓಕೆ' ಎಂದಿದ್ದಳು. ಈ ಸಲ ಕೇಳಿಸಿಕೊಂಡಳು. ಶಾಲೆಯಲ್ಲಿ ಅರೇಬಿಕ್ ಕಡ್ಡಾಯ ಎಂದು ವರ್ಷವಿಡೀ ಗೊಣಗುವ ಹುಡುಗಿ, ಪೊಲೀಸನ ಕಡೆ ತಿರುಗಿ ಸಮುದ್ರದ ಕಡೆ, ಸದ್ದು ಬಂದ ಕಡೆ ಕೈ ತೋರಿಸಿದಳು. ಎರಡು ಬೆರಳು ಎತ್ತಿದಳು. "ಜದ್ದಿ ಮಾತ್" ಎಂದಳು. ನನ್ನ ಅಜ್ಜ ತೀರಿಕೊಂಡರು ಎಂದು.

ಅವನು ಮುತ್ತುವನ್ನು ನೋಡಿದ, ನನ್ನನ್ನು ನೋಡಿದ. ಕಿರಿಯವನಿಗೆ ಏನೋ ಹೇಳಿದ, ಅವನು ಡಿಕ್ಕಿ ಮುಚ್ಚಿದ.

"ಯಾವಾಗ?" ಎಂದು ನನ್ನನ್ನೇ ಕೇಳಿದ.

ಎರಡು ವರ್ಷದ ಹಿಂದೆ ಎನ್ನಬೇಕಿತ್ತು. "ಈಗಷ್ಟೇ ಕೇಳಿಸಿತು" ಎಂದೆ.

ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಅಲ್ಲಾಹ್ ಯರ್ಹಮಾ" ಎಂದ, ದೇವರು ಅವರಿಗೆ ಕರುಣೆ ತೋರಲಿ ಎಂದು. ಆಮೇಲೆ ಕೆಲಸದ ದನಿಗೆ ಬಂದು, ಪೊಲೀಸರಿಗೆ ಇಲ್ಲದ ಕೋವಿಯ ಮಾತು ಇನ್ನೊಮ್ಮೆ ಹೇಳಬೇಡಿ, ಬೇರೆ ಯಾರಾದರೂ ಆಗಿದ್ದರೆ ಠಾಣೆಗೆ ಕರೆದೊಯ್ಯುತ್ತಿದ್ದರು ಎಂದ. ನನ್ನ ಕಾರ್ಡುಗಳನ್ನು ಫೋನಿನಲ್ಲಿ ಪರಿಶೀಲಿಸಿ ವಾಪಸು ಕೊಟ್ಟ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ, ಗಂಡ ರಿಗ್ಗಿನಲ್ಲಿದ್ದಾರೆ ಎಂದೆ. "ನಿಧಾನ ಓಡಿಸಿ. ನಾವು ಹಿಂದೆ ಬರುತ್ತೇವೆ" ಎಂದ.

ಬಂದರು. ದೀಪ ಆರಿಸಿ, ಹಬ್ಬದ ಗದ್ದಲದ ರಸ್ತೆಗಳಲ್ಲಿ ನಮ್ಮ ಬಿಲ್ಡಿಂಗಿನ ಬಾಗಿಲವರೆಗೂ ಬಂದರು. ನಾವು ಇಳಿದಾಗ ಹಿರಿಯವನು ಕಿಟಕಿಯಿಂದ ಎದೆಯ ಮೇಲೆ ಕೈಯಿಟ್ಟುಕೊಂಡ. ನಾವು ಲಿಫ್ಟಿನೊಳಗೆ ಹೋಗುವವರೆಗೂ ಗಾಡಿ ಅಲ್ಲೇ ಇತ್ತು.

ಊರಿಗೆ ಫೋನು ಮಾಡಿದಾಗ ಅಣ್ಣ, "ಸಾಕು, ಬಂದುಬಿಡು ವಾಪಸು" ಎನ್ನುತ್ತಾನೆ. ಹೋದರೆ ಮುತ್ತುವಿಗೆ ಅದು ಪರದೇಶ. ನಾನಿಲ್ಲಿ ಸತ್ತರೆ ನನಗಾಗಿ ಗುಂಡು ಹಾರಿಸುವಂತಿಲ್ಲ. ಹಾರಿಸಿದರೂ ಜನ ಈದ್ ಮುಬಾರಕ್ ಹೇಳಿಯಾರು. ಅಲ್ಲಿ ಹಾರಿಸಿದರೆ ಕೇಳಿಸಿಕೊಳ್ಳಬೇಕಾದ ಮುತ್ತು ಇಲ್ಲಿರುತ್ತಾಳೆ. ಈ ಲೆಕ್ಕ ನನಗೆ ಬಗೆಹರಿಯುವುದಿಲ್ಲ, ಬಗೆಹರಿದಂತೆ ಬರೆಯಲೂ ಮನಸ್ಸಿಲ್ಲ.

ಆ ಸಂಜೆ ಮನೆಗೆ ಬಂದವಳು ಬಾಗಿಲು ಹಾಕಲಿಲ್ಲ. ಕಾರಿಡಾರಿನ ಬಿಸಿ ಒಳಗೆ ಬರುತ್ತಿತ್ತು, ಎಸಿ ಗುರುಗುಡುತ್ತಿತ್ತು. ಅಪ್ಪನ ಫೋಟೋದ ಮುಂದೆ ದೀಪ ಹಚ್ಚಿ ಕುರ್ಚಿಯ ಮೇಲೆ ಕುಳಿತೆ. ಮುತ್ತು ಬಾಗಿಲನ್ನೂ ನನ್ನನ್ನೂ ನೋಡಿ ನಿಂತಳು.

"ಮಮ್ಮಿ, ಈಗ ಯಾರು ಬರ್ತಾರೆ?"

"ಬಂದು ಹೋದ್ರು" ಎಂದೆ. "ಈಗ ಬಾಗಿಲು ಹಾಕು."