ಆಸ್ಪತ್ರೆಯ ತಿರುವಿನಲ್ಲಿ ನಿಂತ ದನಿ

ನಿಶಿ ಕಸಾಯಿಯ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿದ್ದ ಜಪಾನೀ ಹೆಂಗಸು ಹಿರೊಸೆ ಸಾನ್; ಸಾನ್ ಅಂದರೆ ನಮ್ಮ ‘ಅವರು’ ಇದ್ದ ಹಾಗೆ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರು. ನಾನು ಮಗಳು ವಸುಧಾಳ ಬಾಣಂತನಕ್ಕೆ ಅಂತ ಮೈಸೂರಿನಿಂದ ಬಂದವಳು. ಕೊರೊನಾ ಬಂತು, ವಿಮಾನ ನಿಂತಿತು. ಮಗುವಿಗೆ ಹಲ್ಲು ಬಂದು, ಅದು ಎದ್ದು ಓಡಾಡಿದರೂ ನಾನಿನ್ನೂ ಇಲ್ಲೇ. ನಂಜನಗೂಡಿನ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿ ಮಾತಾಡಿ, ಅವಳ ಮುಖಕ್ಕಿಂತ ಅವಳು ಉಸಿರೆಳೆಯೋ ರೀತಿಯೇ ನನಗೆ ಚೆನ್ನಾಗಿ ಗೊತ್ತಾಗಿಬಿಟ್ಟಿತ್ತು. ಅದಕ್ಕೇ ಇರಬೇಕು, ಹಿರೊಸೆ ಸಾನ್ ಸಂಕಟ ನನಗೆ ಭಾಷೆ ಇಲ್ಲದೆಯೂ ತಿಳಿಯಿತು.

ಅವರ ಯಜಮಾನರಿಗೆ ಲಕ್ವ ಹೊಡೆದು ನಾಲ್ಕು ಬೀದಿಯಾಚೆಯ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಕೊರೊನಾ ಬಂದ ಮೇಲೆ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಒಗೆದ ಬಟ್ಟೆಯ ಚೀಲ ಬಾಗಿಲಲ್ಲಿ ಕೊಟ್ಟು, ಕೊಳೆ ಬಟ್ಟೆ ಇಸಕೊಂಡು ಬರಬೇಕು, ಅಷ್ಟೇ. ಆ ಬಟ್ಟೆಯನ್ನು ಅವರು ಬಂದ ತಕ್ಷಣ ಒಗೆಯುತ್ತಿರಲಿಲ್ಲ. ಚೀಲ ಮಡಿಲಲ್ಲಿಟ್ಟುಕೊಂಡು ಕಟ್ಟಡದ ಮುಂದಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿರುತ್ತಿದ್ದರು. ನಾನು ಮಗು ಆಡಿಸುತ್ತಾ ಪಕ್ಕದಲ್ಲಿ ಕೂರುತ್ತಿದ್ದೆ. ವಸುಧಾಗೆ ಶಿನಾಗಾವಾದ ಆಫೀಸು ಮನೆಯಿಂದಲೇ ನಡೆಯುತ್ತಿತ್ತು. ಬಿಡುವಾದಾಗ ಕೆಳಗಿಳಿದು ಬಂದು ನಮ್ಮಿಬ್ಬರ ನಡುವೆ ಮಾತು ದಾಟಿಸೋಳು.

ಹಾಗೇ ಅವರ ಕತೆ ಗೊತ್ತಾಗಿದ್ದು. ಇಲ್ಲಿ ಚುನಾವಣೆ ಬಂದರೆ ಉಮೇದುವಾರರ ಗಾಡಿಯಲ್ಲಿ ಕೂತು ಮೈಕಿನಲ್ಲಿ ಹೆಸರು ಕೂಗೋ ಹೆಂಗಸರಿರುತ್ತಾರೆ. ಉಗುಯಿಸು ಅಂತ ಒಂದು ಹಕ್ಕಿಯಂತೆ, ನಮ್ಮ ಕೋಗಿಲೆಯ ಹಾಗೆ ಇಂಪು. ಆ ಹೆಂಗಸರಿಗೂ ಅದೇ ಹೆಸರು. ಕೈಗೆ ಬಿಳಿ ಗ್ಲೌಸು ಹಾಕಿಕೊಂಡು ಬೀದಿಬೀದಿಗೆ ಕೈ ಬೀಸುತ್ತಾ ಹೋಗಬೇಕು. ಹಿರೊಸೆ ಸಾನ್ ಹರೆಯದಿಂದ ಮುಪ್ಪಿನವರೆಗೂ ಅದೇ ಕೆಲಸ ಮಾಡಿದವರು. ಆ ಗಾಡಿಯ ಡ್ರೈವರೇ ಅವರ ಯಜಮಾನರು. ಊರಿನ ಗಂಡಸರ ಹೆಸರನ್ನೆಲ್ಲ ಕೂಗಿದೆ, ಇವರ ಹೆಸರು ಮಾತ್ರ ಒಂದು ಸಲವೂ ಬಾಯಿಬಿಟ್ಟು ಕರೆಯಲಿಲ್ಲ ಅಂದರು. ನಮ್ಮಲ್ಲೂ ಹಾಗೇ, ಗಂಡನ ಹೆಸರು ಹೇಳಬೇಕಾದರೆ ಒಗಟಿನಲ್ಲೇ ಹೇಳಬೇಕು ಅಂದೆ. ಇಬ್ಬರೂ ನಕ್ಕೆವು.

ಎರಡನೇ ವರ್ಷದ ಅಕ್ಟೋಬರಿನಲ್ಲಿ ಇಡೀ ದೇಶಕ್ಕೆ ಚುನಾವಣೆ ಬಂತು. ರೈಲು ಸ್ಟೇಷನ್ನಿನ ಮುಂದೆ ಮಾಸ್ಕು ಹಾಕಿಕೊಂಡು ಒಬ್ಬೊಬ್ಬರಾಗಿ ಭಾಷಣ ಮಾಡೋರು. ಆ ಸಲ ಎಲ್ಲರ ಬಾಯಲ್ಲೂ ಆಸ್ಪತ್ರೆಯ ಮಾತೇ. ಹಿರೊಸೆ ಸಾನ್ ಮೂವರು ಉಮೇದುವಾರರ ಭಾಷಣಕ್ಕೂ ಹೋದರು, ನಮ್ಮನ್ನೂ ಕರಕೊಂಡು. ಮೂವರಿಗೂ ಕೇಳಿದ್ದು ಒಂದೇ ಪ್ರಶ್ನೆ: ಗಂಡನ ಪಕ್ಕ ಕೂರೋದಕ್ಕೆ ನನ್ನನ್ನು ಯಾವಾಗ ಬಿಡ್ತೀರಿ?

ಮೊದಲನೆಯವರು ಆಸ್ಪತ್ರೆಗಳಲ್ಲಿ ಹಾಸಿಗೆ ಹೆಚ್ಚಿಸ್ತೀವಿ ಅನ್ನುತ್ತಿದ್ದವರು. ಇವರ ಪ್ರಶ್ನೆಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಒಂದೊಂದು ಕೋಣೆಗೂ ಒಂದೊಂದು ಟ್ಯಾಬ್ಲೆಟ್ ಕೊಡಿಸ್ತೀನಿ, ಅದರಲ್ಲೇ ವಿಡಿಯೋ ಕರೆ ಮಾಡಿ ನೋಡಬಹುದು ಅಂದರು. ಅದರಲ್ಲಿ ನೋಡಿದ್ದೀನಿ, ಅವರ ಗದ್ದ ಮಾತ್ರ ಕಾಣುತ್ತೆ ಅಂತ ಹಿರೊಸೆ ಸಾನ್ ಆಮೇಲೆ ನಮ್ಮ ಹತ್ತಿರ ಹೇಳಿದರು. ಎರಡನೆಯವರು, ಎಪ್ಪತ್ತೈದು ದಾಟಿದವರು ಆಸ್ಪತ್ರೆ ಖರ್ಚಿನಲ್ಲಿ ತಾವೇ ಕಟ್ಟೋ ಪಾಲು ಏರೋಕೆ ಬಿಡಲ್ಲ ಅಂತ ಚಪ್ಪಾಳೆ ಗಿಟ್ಟಿಸಿದವರು. ಒಳಗೆ ಬಿಡೋದು ಬಿಡದಿರೋದು ಆಸ್ಪತ್ರೆಯವರಿಗೆ ಸೇರಿದ್ದು ಅಂದು, ಮತ್ತೆ ಆ ಪಾಲಿನ ಮಾತಿಗೇ ಹೋದರು. ಮೂರನೆಯವರು ಕುರಮೋಚಿ ಅಂತ ಹೆಂಗಸು, ಮೊದಲು ನರ್ಸಾಗಿದ್ದವರು. ನರ್ಸುಗಳ ಸಂಬಳ ಏರಬೇಕು, ಅವರು ಸಾಲದೆ ಇರೋದಕ್ಕೇ ಬಾಗಿಲು ಮುಚ್ಚಿರೋದು ಅನ್ನುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಒಂದು ಸಲ ಉಸಿರೆಳೆದುಕೊಂಡು ಹೇಳಿದರು.

"ಯಾವಾಗ ಅಂತ ನನಗೆ ಗೊತ್ತಿಲ್ಲ. ಮನೆಯವರು ಪಕ್ಕ ಕೂರೋದೂ ಔಷಧಿಯ ಲೆಕ್ಕವೇ ಅಂತ ಕಾನೂನಿನಲ್ಲಿ ಬರೆಸೋದಕ್ಕೆ ನೋಡ್ತೀನಿ."

"ಗೊತ್ತಿಲ್ಲ ಅನ್ನೋರಿಗೆ ಯಾರಮ್ಮ ಓಟು ಹಾಕ್ತಾರೆ?" ಅಂದಳು ವಸುಧಾ.

"ಮೂವರಲ್ಲಿ ಇವರೊಬ್ಬರೇ ಕಣೇ, ಉತ್ತರ ಹೇಳೋ ಮುಂಚೆ ಉಸಿರು ತಗೊಂಡಿದ್ದು" ಅಂದೆ.

ಮಾರನೇ ದಿನ ಹಿರೊಸೆ ಸಾನ್ ಕುರಮೋಚಿಯವರ ಆಫೀಸಿಗೆ ಹೋಗಿ, ನಿಮ್ಮ ಗಾಡಿಯಲ್ಲಿ ನಾನು ಕೂಗ್ತೀನಿ ಅಂದರಂತೆ. ಅಲ್ಲಿನ ಹುಡುಗಿಯರು ಅಜ್ಜಿಗೆ ಕುರ್ಚಿ ಕೊಟ್ಟರೇ ಹೊರತು ಮೈಕು ಕೊಡಲಿಲ್ಲ. ಕೂತಲ್ಲೇ ಒಂದು ಸಲ ಕೂಗಿ ತೋರಿಸಿದ ಮೇಲೆ ಒಂದು ಮಧ್ಯಾಹ್ನಕ್ಕೆ ಅಂತ ಒಪ್ಪಿದರು. ಯಜಮಾನರಿದ್ದ ಆಸ್ಪತ್ರೆಯ ಬೀದಿಗೂ ಹೋಗಬೇಕು ಅಂತ ಇವರು ಕೇಳಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು, ನಿಮ್ಮ ಕಿವಿ ಚುರುಕು, ಆಸ್ಪತ್ರೆಯ ಎದುರಿಗೆ ನಿಂತು ಕೇಳಿ, ಆಮೇಲೆ ಹೇಳಿ ಅಂದರು.

ಆ ಮಧ್ಯಾಹ್ನ ನಾನೂ ವಸುಧಾನೂ ಮಗುವಿನ ಗಾಡಿ ತಳ್ಳಿಕೊಂಡು ಹೋಗಿ ನಿಂತೆವು. ಸೇತುವೆಯ ಆಚೆಯಿಂದಲೇ ಅವರ ದನಿ ಬಂತು. ಬೆಂಚಿನ ಮೇಲೆ ಪಿಸುಗುಟ್ಟುತ್ತಿದ್ದವರು ಇವರೇನಾ ಅನ್ನಿಸಿತು. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ಆಸ್ಪತ್ರೆಯ ಕಿಟಕಿಗಳಲ್ಲಿ ಒಂದೆರಡು ತಲೆ ಕಾಣಿಸಿದವು. ಗಾಡಿ ತಿರುವಿಗೆ ಬಂತು, ದನಿ ಪಟ್ಟನೆ ನಿಂತುಹೋಯಿತು. ಆಸ್ಪತ್ರೆಯ ಉದ್ದಕ್ಕೂ ಗಾಡಿ ಸದ್ದಿಲ್ಲದೆ ನಿಧಾನಕ್ಕೆ ಸಾಗಿತು. ಹೊರಗೆ ಚಾಚಿದ ಬಿಳಿ ಕೈಯೊಂದೇ ಆಡುತ್ತಿತ್ತು. ಮುಂದಿನ ಮೂಲೆ ದಾಟಿದ ಮೇಲೆ ದನಿ ಮತ್ತೆ ಎದ್ದಿತು. ಇಷ್ಟೆಲ್ಲ ಮಾಡಿ ಬೇಕಾದ ಜಾಗದಲ್ಲೇ ಮೈಕು ಕೈಕೊಟ್ಟಿತಲ್ಲ ಅಂತ ನನಗೆ ಕಣ್ಣಲ್ಲಿ ನೀರು ಬಂತು.

ಸಂಜೆ ಬೆಂಚಿನ ಹತ್ತಿರ ಅದನ್ನೇ ಹೇಳಿದೆ. ಹಿರೊಸೆ ಸಾನ್ ನಕ್ಕರು. ಗ್ಲೌಸು ಇನ್ನೂ ಕೈಯಲ್ಲೇ ಇತ್ತು.

"ಮೈಕು ನಾನೇ ಆರಿಸಿದ್ದು. ಆಸ್ಪತ್ರೆ ಮುಂದೆ ಕೂಗಬಾರದು. ಈಗಿನವರು ದನಿ ತಗ್ಗಿಸಿ ಕೂಗ್ತಾನೇ ಹೋಗ್ತಾರೆ. ನಾನೂ ಯಜಮಾನರೂ ಪೂರ್ತಿ ನಿಲ್ಲಿಸೋರು. ತಿರುವಿನಲ್ಲಿ ಅವರು ಗಾಡಿ ನಿಧಾನ ಮಾಡೋರು, ನಾನು ಮೈಕು ಆರಿಸೋಳು, ಅವರು ಒಳಗಿನ ರೋಗಿಗಳಿಗೆ ಅಂತ ಟೋಪಿಗೆ ಎರಡು ಬೆರಳು ಮುಟ್ಟಿಸೋರು. ನನ್ನ ದನಿಗೆ ವಯಸ್ಸಾಯಿತು, ಅವರಿಗೆ ಗುರುತು ಸಿಗದೆ ಇರಬಹುದು. ನಿಲ್ಲಿಸಿದ್ದು ಗುರುತು ಸಿಕ್ಕೇ ಸಿಗುತ್ತೆ."

ಆಮೇಲೆ ಮೆಲ್ಲಗೆ, ಯಜಮಾನರಿದ್ದ ಮೂರನೇ ಮಹಡಿಯಲ್ಲಿ ಏನಾದರೂ ಕಂಡಿತಾ ಅಂತ ಕೇಳಿದರು.

ಕಂಡಿತ್ತು. ನರ್ಸೊಬ್ಬಳು ಯಾರನ್ನೋ ಗಾಲಿಕುರ್ಚಿಯಲ್ಲಿ ಕಿಟಕಿಗೆ ತಂದಿದ್ದಳು. ಕುರ್ಚಿಯಲ್ಲಿದ್ದವರ ಕೈ ಹಣೆಯ ತನಕ ಎದ್ದಿತ್ತು. ಆ ಕಿಟಕಿಗೆ ಪಡುವಣ ಬಿಸಿಲು ನೇರವಾಗಿ ಹೊಡೆಯುತ್ತಿತ್ತು. ಕಂಡದ್ದನ್ನು ಕಂಡ ಹಾಗೇ ಹೇಳಿದೆ. ವಸುಧಾ ದಾಟಿಸಿದಳು.

"ಎಷ್ಟು ಬೆರಳು?"

ಎರಡು ಅಂದುಬಿಡಬಹುದಿತ್ತು. ಅಷ್ಟು ದೂರಕ್ಕೆ ಕಾಣಲಿಲ್ಲ ಅಂದೆ. ಅವರು ತಲೆಯಾಡಿಸಿ, ಬಿಸಿಲಿಗೆ ಅಡ್ಡ ಹಿಡಿದಿದ್ದರೂ ಹಿಡಿದಿರಬಹುದು ಅಂದರು. ಗ್ಲೌಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿದರು.

ಕುರಮೋಚಿ ಸೋತರು. ಬಾಗಿಲು ತೆರೆಯಲಿಲ್ಲ, ಬಟ್ಟೆಯ ಚೀಲ ಹೋಗಿ ಬರುತ್ತಲೇ ಇತ್ತು. ಮೊದಲೆಲ್ಲ ಬೆಳಿಗ್ಗೆ ಹೋಗುತ್ತಿದ್ದ ಹಿರೊಸೆ ಸಾನ್ ಈಗ ಬಿಸಿಲು ಆ ಕಿಟಕಿಯಿಂದ ಇಳಿದು, ಕೈ ಅಡ್ಡ ಹಿಡಿಯಬೇಕಿಲ್ಲದ ಹೊತ್ತು ನೋಡಿಕೊಂಡು ಹೊರಡುತ್ತಿದ್ದರು. ಚೀಲ ಕೊಟ್ಟು, ರಸ್ತೆ ದಾಟಿ, ನಾನು ನಿಂತಿದ್ದ ಜಾಗದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಕೈಯಲ್ಲಿ ಬಿಳಿ ಗ್ಲೌಸು ಇರುತ್ತಿತ್ತು.